ಪೇರಳೆ ಗೆಲ್ಲಿನಿಂದ ಬಿಲ್ಲು ಮಾಡುವುದು ಹೇಗೆ

ಘಟ್ಟದ ತಡಸಲು ಬಿಲ್ಲಿಗೆ ಹೆಸರಾದ ಮರ. ಆದರೆ ಅದಕ್ಕಾಗಿ ಕಾಡಿಗೆ ಕತ್ತಿ ಹಿಡಿದು ಹೋಗಬೇಡಿ. ಹಿತ್ತಲಿನ ಪೇರಳೆ ಬುಡದಿಂದ ನೆಟ್ಟಗೆ ಎದ್ದ ಗೆಲ್ಲು ಸಾಕು: 5 ಸೆಂ.ಮೀ. ದಪ್ಪ, 180 ಸೆಂ.ಮೀ. ಉದ್ದ, ಒಂದು ಮಗ್ಗುಲಾದರೂ ಗಂಟಿಲ್ಲದ್ದು. ಗಂಟಿಲ್ಲದ ಆ ಮಗ್ಗುಲೇ ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಗಿರುವ ಮೈ.

ಉಡುಪಿ, ಮಂಗಳೂರಿನ ಹವೆಯಲ್ಲಿ ಬಿಲ್ಲು ಕೆಡುವುದು ಹೆಚ್ಚಾಗಿ ಒಣಗಿಸುವ ಹಂತದಲ್ಲೇ. ಡಿಸೆಂಬರ್‌ನಲ್ಲಿ ಕಡಿಯಿರಿ. ಕಡಿದ ಕೂಡಲೇ ಎರಡೂ ತುದಿಗೆ ಫೆವಿಕಾಲ್ ದಪ್ಪಗೆ ಬಳಿಯಿರಿ. ಬಳಿಯದಿದ್ದರೆ ತುದಿ ಬೇಗ ಒಣಗಿ ಉದ್ದಕ್ಕೆ ಸೀಳುತ್ತದೆ. ಸಿಪ್ಪೆ ಸುಲಿದು, ಹೊಟ್ಟೆಯ ಕಡೆಯನ್ನು, ಅಂದರೆ ಬೆನ್ನಿಗೆ ಎದುರಾಗಿ ನಿಮ್ಮ ಕಡೆಗಿರುವ ಮೈಯನ್ನು, ನಡುವಿನ ತಿರುಳಿನ ಹತ್ತಿರದವರೆಗೆ ಕೆತ್ತಿ ತೆಗೆಯಿರಿ. ನಡುವೆ ಹಿಡಿಯ ಜಾಗದ ದಪ್ಪ ಮಾತ್ರ ಹಾಗೇ ಇರಲಿ. ನೇರ ಹಲಗೆಗೆ ಬಿಗಿಯಾಗಿ ಕಟ್ಟಿ ಒಂದು ತಿಂಗಳು ನೆರಳಲ್ಲಿಡಿ. ಆಮೇಲೆ ಬಚ್ಚಲಿನ ಹಂಡೆ ಒಲೆಯ ಮೇಲೆ, ಬೆಚ್ಚನೆಯ ಗಾಳಿ ಮಾತ್ರ ತಾಗುವಷ್ಟು ಎತ್ತರದಲ್ಲಿ ತೂಗುಹಾಕಿ. ವಾರಕ್ಕೊಮ್ಮೆ ತೂಗಿ ಬರೆದಿಡಿ. ಎರಡು ವಾರ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ಮೇ ತಿಂಗಳೊಳಗೆ ಕೆಲಸ ಮುಗಿಯಲಿ, ಮಳೆ ಹಿಡಿದರೆ ಮರ ಮತ್ತೆ ತೇವ ಕುಡಿಯುತ್ತದೆ.

ಬಿಲ್ಲಿನ ಉದ್ದ 170 ಸೆಂ.ಮೀ. ನಡುವೆ ಹಿಡಿ 10 ಸೆಂ.ಮೀ., ದಪ್ಪ 3. ಹಿಡಿಯ ಎರಡೂ ಬದಿಗೆ ಬಾಗುವ ಭಾಗವೇ ಬಿಲ್ಲಿನ ತೋಳು. ಹಿಡಿಯ ಪಕ್ಕದಲ್ಲಿ ತೋಳಿನ ಅಗಲ 3.5, ದಪ್ಪ 1.8, ತುದಿಗೆ ಬರುವಾಗ ಎರಡೂ 1.2. ಸಣ್ಣ ಗೆಲ್ಲಿನ ಬೆನ್ನು ಗುಂಡಗಿರುವುದರಿಂದ ಎಳೆತವೆಲ್ಲ ನಡುಗೆರೆಯ ಮೇಲೆ ಬೀಳುತ್ತದೆ. ಅದಕ್ಕೇ ಉದ್ದ ಕಡಿಮೆ ಮಾಡಬಾರದು. ಬೆನ್ನಿಗೆ ಕತ್ತಿ ತಾಗಿಸಲೇಬೇಡಿ. ಅಲ್ಲಿ ಒಂದು ನಾರು ತುಂಡಾದರೂ ಮುಂದೆ ಆ ಜಾಗದಿಂದಲೇ ಸಿಬಿರು ಏಳುತ್ತದೆ. ಹೆದೆ ಕೂರುವ ಕಚ್ಚನ್ನೂ ಪಕ್ಕಗಳಲ್ಲಿ ಮಾತ್ರ ಕೊರೆಯಿರಿ.

ಇನ್ನು ಬಾಗು ಸರಿಮಾಡುವುದು. ಇದಕ್ಕೆ ಒಂದಿಡೀ ದಿನ ಕೊಡಿ. ಹಿಡಿಯನ್ನು ಗೋಡೆಯ ಗೂಟದ ಮೇಲೆ ಕೂರಿಸಿ, ಸಡಿಲ ಹೆದೆಯನ್ನು ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯಿಂದ ಕೆಳಕ್ಕೆ ಎಳೆದು ದೂರದಿಂದ ನೋಡಿ. ಬಾಗದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಹೊಟ್ಟೆಯ ಕಡೆ ಮಾತ್ರ ಗಾಜಿನ ಚೂರಿನಿಂದ ಹತ್ತು ಸಲ ಕೆರೆಯಿರಿ. ಹಿಟ್ಟಿನಂಥ ಪುಡಿ ಬಂದರೆ ಚೂರು ಮೊಂಡಾಗಿದೆ, ಸುರುಳಿ ಏಳಬೇಕು. ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು ಮತ್ತೆ ನೋಡಿ. ಕೆರೆದದ್ದರ ಫಲ ತಕ್ಷಣ ಕಾಣದು, ಅವಸರಪಟ್ಟವರು ಕಳೆದುಕೊಳ್ಳುವುದು ಇಲ್ಲಿಯೇ. ಹೆಚ್ಚು ಬಾಗುವ ಜಾಗ ಮುಟ್ಟಬೇಡಿ. ತಕ್ಕಡಿ 12 ಕೆ.ಜಿ. ತೋರಿಸಿದರೆ ಎಳೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಮತ್ತೆ ಕೆರೆಯಿರಿ. ಬಾಗು ಸಮವಾದ ಮೇಲೆ ಹೆದೆ ಗಿಡ್ಡ ಮಾಡಿ ಏರಿಸಿ. ಹಿಡಿಗೂ ಹೆದೆಗೂ 15 ಸೆಂ.ಮೀ. ಅಂತರವಿರಲಿ. ಹಿಡಿಯಿಂದ 65 ಸೆಂ.ಮೀ. ಎಳೆದಾಗ 12 ಕೆ.ಜಿ. ಬಂದರೆ ಬಿಲ್ಲು ಸಿದ್ಧ.

ಹೊಟ್ಟೆಯ ಮೇಲೆ ಅಡ್ಡಕ್ಕೆ ಸಣ್ಣ ಸುಕ್ಕು ಕಂಡರೆ ಅಲ್ಲಿ ಅತಿಯಾಗಿ ಕೆರೆದಿದ್ದೀರಿ, ನಾರು ಕುಸಿದಿದೆ. ಅದಕ್ಕೆ ಮದ್ದಿಲ್ಲ. ಹೆದೆ ಇಳಿಸಿದ ಮೇಲೂ ತುದಿಗಳು 4 ಸೆಂ.ಮೀ.ಗಿಂತ ಹೆಚ್ಚು ಬಾಗಿಯೇ ಉಳಿದರೆ ಸಾಮಾನ್ಯವಾಗಿ ಮರ ಹಸಿಯಿದೆ, ಮತ್ತೆ ಒಣಗಿಸಿ.

ಹೆದೆಗೆ ನೈಲಾನ್ ಬೇಡ, ಹಿಗ್ಗುತ್ತದೆ. ಕನಿಷ್ಠ 50 ಕೆ.ಜಿ. ತಾಳುವಷ್ಟು ಪಾಲಿಯೆಸ್ಟರ್ ಎಳೆ ಹೊಸೆಯಿರಿ. ಮೈಗೆ ಅಗಸೆ ಎಣ್ಣೆ ಮೂರು ಸಲ, ತೆಂಗಿನೆಣ್ಣೆ ಒಣಗದು. ಕೆಲಸ ಮುಗಿದೊಡನೆ ಹೆದೆ ಇಳಿಸಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡಿ: ಬಾಣಕ್ಕೆ ಹೋಗಬೇಕಾದ ಬಲ ತೋಳಿಗೇ ತಿರುಗಿ ಬಡಿದು ಮರ ಸೀಳಬಹುದು.