ಯುದ್ಧದಿಂದ ಊರು ಬಿಟ್ಟೋರಿಗೆ ದೂರದಲ್ಲಿದ್ಕೊಂಡೇ ಸಹಾಯ ಮಾಡೋದು ಹೇಗೆ

ಟಿವಿಲಿ ಬಾಂಬ್ ಬಿದ್ದ ಮನೆ, ಗಂಟುಮೂಟೆ ಹೊತ್ಕೊಂಡು ನಡೀತಿರೋ ಜನ ಕಂಡ ತಕ್ಷಣ ಏನಾದ್ರೂ ಮಾಡ್ಬೇಕು ಅನ್ಸತ್ತೆ, ಸುಮಾರು ಜನ ಬೀರು ತೆಗ್ದು ಹಳೇ ಬಟ್ಟೆ ತುಂಬೋಕೆ ಶುರು ಮಾಡ್ತಾರೆ. ದಯವಿಟ್ಟು ಬೇಡ. ಆ ಮೂಟೆ ಅಲ್ಲಿಗೆ ತಲುಪೋಕೆ ಲಾರಿ ಬೇಕು, ಕಸ್ಟಮ್ಸ್‌ ಕ್ಲಿಯರ್ ಆಗ್ಬೇಕು, ವಿಂಗಡಿಸೋಕೆ ಜನ ಬೇಕು, ಗೋಡೌನಲ್ಲಿ ಜಾಗ ಬೇಕು, ಆ ಲಾರಿ ಆ ಜಾಗ ಎರಡೂ ಔಷಧಿಗೆ ಸಿಗ್ಬೇಕಾಗಿದ್ದು. ದುಡ್ಡೇ ಕಳ್ಸಿ. ಅಂಗಡಿ ತೆಗೆದಿರೋ ಕಡೆ ಸಂಸ್ಥೆಗಳು ಕುಟುಂಬಗಳಿಗೆ ನೇರ ನಗದು ಕೊಡ್ತಾವೆ, ಒಬ್ರಿಗೆ ಸೋಪು ಬೇಕು ಇನ್ನೊಬ್ರಿಗೆ ಬಸ್ ಚಾರ್ಜು ಬೇಕು, ಅವ್ರಿಗೇ ಗೊತ್ತಿರತ್ತೆ.

ಕಳ್ಸೋ ಮುಂಚೆ ಒಂದು ವಿಷ್ಯ ತಲೇಲಿಟ್ಕೊಳಿ. 2024ರ ಕೊನೆಗೆ ಪ್ರಪಂಚದಲ್ಲಿ ಯುದ್ಧ, ಹಿಂಸೆ, ಕಿರುಕುಳದಿಂದ ನೆಲೆ ಕಳ್ಕೊಂಡೋರು 12 ಕೋಟಿ 30 ಲಕ್ಷಕ್ಕೂ ಹೆಚ್ಚು ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. ಅದ್ರಲ್ಲಿ 7 ಕೋಟಿ 30 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟೇ ಇಲ್ಲ, ತಮ್ಮ ದೇಶದೊಳಗೇ ಇನ್ನೊಂದು ಊರಿನ ಶಾಲೇಲೋ ನೆಂಟರ ಮನೇಲೋ ಇದಾರೆ. 1951ರ ನಿರಾಶ್ರಿತರ ಒಪ್ಪಂದ ದೇಶ ಬಿಟ್ಟು ಹೊರಗೆ ಬಂದೋರಿಗೆ ಮಾತ್ರ, ಹಾಗಾಗಿ ಇವ್ರಿಗೆ ಆ ರಕ್ಷಣೆ ಸಿಗಲ್ಲ, ಕ್ಯಾಮರಾನೂ ಇವ್ರ ಹತ್ರ ಕಮ್ಮಿನೇ ಹೋಗತ್ತೆ. ಗಡಿ ದಾಟಿದ ನಿರಾಶ್ರಿತರಲ್ಲೂ ಮೂರರಲ್ಲಿ ಎರಡು ಪಾಲು ಪಕ್ಕದ ದೇಶದಲ್ಲೇ ಉಳ್ಕೊಳ್ತಾರೆ.

ಸುಡಾನ್ ನೋಡಿ. 2023ರ ಏಪ್ರಿಲ್ 15ಕ್ಕೆ ಸೈನ್ಯಕ್ಕೂ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆಗೂ ಜಗಳ ಶುರುವಾಯ್ತು, ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ರು, ದೇಶದ ಪಶ್ಚಿಮದಲ್ಲಿರೋ ಡಾರ್ಫುರ್‌ ಕಡೆಯೋರು ಲಕ್ಷಗಟ್ಲೆ ಪಕ್ಕದ ಚಾಡ್‌ಗೆ ಹೋದ್ರು, ಚಾಡೇ ಬಡ ದೇಶ. 2024ರ ಆಗಸ್ಟಲ್ಲಿ ಡಾರ್ಫುರಲ್ಲೇ ಊರು ಬಿಟ್ಟೋರಿದ್ದ ಜಮ್‌ಜಮ್ ಶಿಬಿರದಲ್ಲಿ ಕ್ಷಾಮ ಇದೆ ಅಂತ ಖಚಿತ ಆಯ್ತು. ದೊಡ್ಡ ಸಂಸ್ಥೆಗಳು ಹೋಗಕ್ಕಾಗದ ಎಷ್ಟೋ ಏರಿಯಾದಲ್ಲಿ ಅಲ್ಲಿನ ಹುಡ್ಗ ಹುಡ್ಗೀರೇ ಎಮರ್ಜೆನ್ಸಿ ರೆಸ್ಪಾನ್ಸ್ ರೂಮ್ಸ್ ಅಂತ ಮಾಡ್ಕೊಂಡು ಬೀದೀಲಿ ದೊಡ್ಡ ಪಾತ್ರೆ ಇಟ್ಟು ಅಡುಗೆ ಮಾಡಿ ಬಡಿಸ್ತಿದಾರೆ. ನೀವು ಯಾವ್ದೇ ಸಂಸ್ಥೆಗೆ ಕೊಡಿ, ಇಂಥ ಲೋಕಲ್ ಜನಕ್ಕೆ ದುಡ್ಡು ತಲುಪತ್ತಾ ಅಂತ ಕೇಳಿ, ನನಗೆ ಇದೇ ಮುಖ್ಯ ಪ್ರಶ್ನೆ. ಯಾವ ದೇಶಕ್ಕೆ ಎಷ್ಟು ಕೇಳಿದ್ರು ಎಷ್ಟು ಬಂತು ಅನ್ನೋದು ಪರಿಹಾರ ಕೆಲ್ಸ ಹೊಂದಿಸೋ ವಿಶ್ವಸಂಸ್ಥೆಯ ಓಚಾ ಅನ್ನೋ ಕಚೇರಿಯ ವೆಬ್‌ಸೈಟಲ್ಲಿ ಓಪನ್ನಾಗಿದೆ, ಅದನ್ನ ನೋಡಿ ಕಮ್ಮಿ ಬಂದಿರೋ ಕಡೆ ಕೊಡಿ.

ಕೊಟ್ಟಿದ್ದು ಏನಾಗತ್ತೆ ಅಂತೀರಾ? ಶಿಬಿರದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಗು ಬಂದ್ರೆ ತೋಳಿನ ನಡುಭಾಗಕ್ಕೆ ಒಂದು ಬಣ್ಣದ ಟೇಪು ಸುತ್ತುತಾರೆ, ಹಸಿರು, ಹಳದಿ, ಕೆಂಪು. ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರ್‌ಗಿಂತ ಕಮ್ಮಿ ಇದ್ರೆ ಕೆಂಪು, ಅಂದ್ರೆ ಜೀವಕ್ಕೇ ಅಪಾಯ. ನಿಮ್ಮ ಹೆಬ್ಬೆರಳು ತೋರುಬೆರಳು ಸೇರ್ಸಿ ಒಂದು ಉಂಗುರ ಮಾಡಿ ನೋಡಿ, ಸುಮಾರು ಅಷ್ಟೇ ತೋಳು. ಆ ಮಗುಗೆ ಕಡಲೆಕಾಯಿ, ಹಾಲಿನ ಪುಡಿ, ಎಣ್ಣೆ, ಸಕ್ಕರೆ ಸೇರ್ಸಿದ 92 ಗ್ರಾಂ ಪೊಟ್ಟಣ ಕೊಡ್ತಾರೆ, ಒಂದ್ರಲ್ಲಿ 500 ಕ್ಯಾಲೊರಿ, ನೀರು ಬೇಡ ಒಲೆ ಬೇಡ, ತುದಿ ಹರಿದು ಅಮ್ಮ ಹಿಂಡಿ ತಿನ್ನಿಸ್ಬೋದು. ಬೇರೆ ಕಾಯಿಲೆ ಇಲ್ದಿದ್ರೆ ಕೆಲವು ವಾರದಲ್ಲಿ ಬಹಳಷ್ಟು ಮಕ್ಳು ಚೇತರಿಸ್ಕೊಳ್ತಾವೆ. ಇದು ಒಂದ್ಸಲ ಕೊಟ್ಟು ಮುಗಿಯೋ ಕೆಲ್ಸ ಅಲ್ಲ, ಅದಕ್ಕೇ ಒಟ್ಟಿಗೆ ದೊಡ್ಡ ಮೊತ್ತಕ್ಕಿಂತ ತಿಂಗಳಿಗಿಷ್ಟು ಅಂತ ಆಟೋ ಡೆಬಿಟ್ ಹಾಕಿ, ನ್ಯೂಸ್ ಮರೆತ್ರೂ ಅದು ಹೋಗ್ತಿರ್ಲಿ.

ವಾಟ್ಸಾಪಲ್ಲಿ ಬರೋ ಕ್ಯೂಆರ್ ಕೋಡಿಗೆ ಹಾಕ್ಬೇಡಿ, ಸಂಸ್ಥೆಯ ವೆಬ್‌ಸೈಟ್ ಅಡ್ರೆಸ್ ನೀವೇ ಟೈಪ್ ಮಾಡಿ ಹೋಗಿ.

ನಿಮ್ಮ ಹತ್ರ ಯಾರಾದ್ರೂ ನಿರಾಶ್ರಿತರು ಇದ್ರೆ ಏನಾಯ್ತು ಹೇಗಾಯ್ತು ಅಂತ ಕೆದಕ್ಬೇಡಿ, ಅವ್ರಾಗೇ ಹೇಳಿದ್ರೆ ಕೇಳಿ. ಫಾರ್ಮ್ ತುಂಬೋಕೆ, ಆಸ್ಪತ್ರೆಗೆ ಜೊತೇಲಿ ಹೋಗೋಕೆ ಆಗತ್ತಾ ನೋಡಿ. ದಾರೀಲಿ ಮನೆಯೋರು ತಪ್ಪಿಸ್ಕೊಂಡಿದ್ರೆ ರೆಡ್‌ಕ್ರಾಸ್, ರೆಡ್ ಕ್ರೆಸೆಂಟ್ ಹುಡುಕಿ ಕೊಡೋ ಕೆಲ್ಸ ಮಾಡ್ತಾರೆ, ಫ್ರೀ, ಇದು ಎಷ್ಟೋ ಜನಕ್ಕೆ ಗೊತ್ತೇ ಇರಲ್ಲ, ಹೇಳಿ.

ಆಮೇಲೆ ಅವ್ರ ಫೋಟೋ ಹಾಕ್ಬೇಡಿ, ಹೆಸ್ರೂ ಬೇಡ. ಅವ್ರು ಗಡಿ ದಾಟಿರ್ಬೋದು, ಅವ್ರ ಅಣ್ಣನೋ ಅಮ್ಮನೋ ಇನ್ನೂ ಆ ಊರಲ್ಲೇ ಇರ್ತಾರೆ, ಹೊಡೆದು ಓಡಿಸಿದೋರ ಕೈಲೂ ಮೊಬೈಲ್ ಇರತ್ತೆ.