ಹೂಮಳೆ ಬಿದ್ದ ಸಂಜೆ ಸಿಗರೇಟು ಬಿಟ್ಟೆ

ಬರುವ ಮಾರ್ಚಿಗೆ ಎರಡು ವರ್ಷ. "ನೀನು ಬಿಟ್ಟರೆ ನಾನು ಮೀಸೆ ಬೋಳಿಸ್ತೇನೆ ಮಾರಾಯ" ಎಂದಿದ್ದ ಪಕ್ಕದ ತೋಟದವನ ಮೀಸೆ ಇನ್ನೂ ಹಾಗೇ ಇದೆ, ಅದು ಬೇರೆ ಮಾತು. ಈಗ ಹೇಗೆ ಬಿಟ್ಟೆ ಅಂತ ಅವನೇ ಕೇಳುತ್ತಾನೆ. ಸಿಗರೇಟು ಕೆಟ್ಟದ್ದು ಅಂತ ಇಲ್ಲಿ ಬರೆಯುವುದಿಲ್ಲ. ಗೊತ್ತಿದ್ದೂ ಇಪ್ಪತ್ತಾರು ವರ್ಷ ಸೇದಿದವನು ನಾನು.

ನಮ್ಮದು ಸೋಮವಾರಪೇಟೆ ಕಡೆ ಏಳು ಎಕರೆ ಅರೇಬಿಕಾ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು. ದಿನಕ್ಕೆ ಹನ್ನೆರಡೋ ಹದಿನೈದೋ ಆಗುತ್ತಿತ್ತು. ಕೊಯ್ಲಿನಲ್ಲಿ ರಾತ್ರಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮುಂದೆ ಕೂತರೆ ಇಪ್ಪತ್ತು ದಾಟುತ್ತಿತ್ತು.

ಬಿಡಲು ಮಾಡಿದ ಸರ್ಕಸ್ ಒಂದೆರಡಲ್ಲ. ಕೊಡಗಿನ ಕಕ್ಕಡ ತಿಂಗಳ ಹದಿನೆಂಟರಂದು, ಅಂದರೆ ಆಗಸ್ಟ್ ಮೊದಲ ವಾರ, ಮದ್ದು ಸೊಪ್ಪಿನ ಪಾಯಸ ಉಂಡು, ಇವತ್ತಿಂದ ಇಲ್ಲ ಅಂದೆ. ಮೂರನೇ ದಿನ ಕರೆಂಟು ಹೋಯಿತು, ಮಳೆ ಬಿಡಲಿಲ್ಲ, ಒಲೆ ಮುಂದೆ ಕೂತು ಮಾಡುವುದೇನು? ಆಗಸ್ಟಿನಲ್ಲಿ ಬಿಡುತ್ತೇನೆ ಅನ್ನುವವರನ್ನು ನಾನು ಈಗ ನಂಬುವುದಿಲ್ಲ. ಆಮೇಲೆ ಖರ್ಚು ಉಳಿಯುತ್ತದೆ ಅಂತ ಬೀಡಿಗೆ ಹೋದೆ. ಅದು ಆರದಂತೆ ಎಳೆಯುತ್ತಲೇ ಇರಬೇಕು, ಕೆಮ್ಮು ದುಪ್ಪಟ್ಟಾಯಿತು. ದಿನಕ್ಕೆ ಐದಕ್ಕೆ ಇಳಿಸಿದ ವರ್ಷ ಆ ಐದನ್ನೂ ಫಿಲ್ಟರ್ ಕರಟುವವರೆಗೆ ಎಳೆದೆ. ಪ್ಯಾಕಿನ ಮೇಲಿನ ಗಂಟಲ ಚಿತ್ರ ನೋಡಿ ಹೆದರಿದ್ದಕ್ಕೆ ಸಿಕ್ಕ ಫಲ, ಮಗಳ ಜಾಮಿಟ್ರಿ ಡಬ್ಬಿ. ಸಿಗರೇಟು ಅದಕ್ಕೆ ತುಂಬಿ, ಚಿತ್ರ ಒಲೆಗೆ ಹಾಕುತ್ತಿದ್ದೆ.

ಹೆದರಿಕೆಯಿಂದ ನನಗೆ ಮನಸ್ಸು ಬರಲಿಲ್ಲ. ಬಂದದ್ದು ನಷ್ಟದಿಂದ, ಅದೂ ಮೂಗಿನ ದಾರಿಯಲ್ಲಿ.

ಆ ವರ್ಷ ಬೆಂಗಳೂರಿನವರೊಬ್ಬರು, ಸಿಪ್ಪೆ ಸುಲಿದು ತೊಳೆದು ಒಣಗಿಸಿದ ನಮ್ಮ ಕಾಫಿ ಬೀಜಕ್ಕೆ, ಅಂದರೆ ಪಾರ್ಚ್‌ಮೆಂಟ್‌ಗೆ ಚೀಲಕ್ಕೆ ಮಾರ್ಕೆಟ್ಟಿಗಿಂತ ಸಾವಿರ ರೂಪಾಯಿ ಮೇಲೆ ಕೊಡುತ್ತೇನೆಂದರು. ಇಪ್ಪತ್ತೆರಡು ಚೀಲ. ಡಿಸೆಂಬರಿನ ಚಳಿಗೆ ಟ್ಯಾಂಕಿಗೆ ಹಾಕಿದ ಬೀಜ ಹುದುಗಿ ಲೋಳೆ ಬಿಡುವುದು ತಡ ಅಂತ ಎರಡು ರಾತ್ರಿ ಬಿಟ್ಟೆ. ಕೈಯಲ್ಲಿ ಉಜ್ಜಿದರೆ ಜರಜರ ಅನ್ನುತ್ತಿತ್ತು, ಸರಿಯಿದೆ ಅಂದುಕೊಂಡೆ. ಸ್ಯಾಂಪಲ್ ವಾಪಸು ಬಂತು. ಹುಳಿ ಹಿಡಿದಿದೆ, ನಾತವಿದೆ ಅಂದರು. ನಾನು ಅವರ ಮೇಲೇ ರೇಗಿದೆ. ಕಣದಲ್ಲಿ ಒಣಗುತ್ತಿದ್ದುದನ್ನು ಒಂದು ಬೊಗಸೆ ತಂದು ಹೆಂಡತಿಗೆ ಹಿಡಿದೆ. ಅವಳು ಮುಖ ಹಿಂದಕ್ಕೆಳೆದುಕೊಂಡು, "ಎಂತ ಆಗಿದೆ ನಿಮ್ಮ ಮೂಗಿಗೆ? ಟ್ಯಾಂಕ್ ಹತ್ತಿರ ಹೋದಾಗಲೇ ಹೊಡೀತಿತ್ತಲ್ಲ" ಅಂದಳು. ನನಗೆ ಏನೂ ಹೊಡೆದಿರಲಿಲ್ಲ. ಮತ್ತೆ ಮೂಸಿದೆ. ಗೋಣಿಚೀಲದ ವಾಸನೆ, ಅಷ್ಟೇ.

ಇಪ್ಪತ್ತೆರಡು ಸಾವಿರ ಹಾಗೆ ಹೋಯಿತು. ಅಂದು ರಾತ್ರಿ ಸಿಗರೇಟಿನ ಲೆಕ್ಕವನ್ನೂ ಹಾಕಿದೆ. ದಿನಕ್ಕೆ ಸುಮಾರು ಇನ್ನೂರು ರೂಪಾಯಿ, ವರ್ಷಕ್ಕೆ ಎಪ್ಪತ್ತು ಸಾವಿರದ ಮೇಲೆ. ಆ ವರ್ಷದ ರೇಟಿನಲ್ಲಿ ನಾಲ್ಕೂವರೆ, ಐದು ಚೀಲ ಪಾರ್ಚ್‌ಮೆಂಟ್. ಬೆಳೆದವನೂ ನಾನೇ, ಸುಟ್ಟವನೂ ನಾನೇ.

ಬಿಡುವ ಮನಸ್ಸು ಬಂತು, ಆದರೆ ಯಾವ ದಿನ? ಜನವರಿ ಒಂದು, ಹುಟ್ಟುಹಬ್ಬ, ಪುತ್ತರಿ ಸುಗ್ಗಿಹಬ್ಬ ಎಲ್ಲ ಆಗಿಹೋಗಿತ್ತು. ಆಗ ಹೊಳೆದದ್ದು ಹೂಮಳೆ, ಕಾಫಿ ಮೊಗ್ಗು ಬಿರಿಸುವ ಬೇಸಿಗೆ ಮಳೆ. ಮಳೆ ಬಿದ್ದ ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನವೇ ಅತಿ ಕಷ್ಟ ಅನ್ನುತ್ತಾರೆ. ಹಾಗಿದ್ದರೆ ಮಳೆಯ ಸಂಜೆ ಬಿಟ್ಟರೆ, ಹೂ ಬಿರಿಯುವಾಗ ಕಷ್ಟದ ಗುಡ್ಡ ಇಳಿದಿರುತ್ತೇನೆ, ಮೂಗಿಗೊಂದು ಪರೀಕ್ಷೆಯೂ ಆಗುತ್ತದೆ. ಗೆಳೆಯರು ಬಿದ್ದು ಬಿದ್ದು ನಕ್ಕರು. "ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಿ ಬಿಡ್ತೀಯಾ?"

ಮೊದಲ ಸಲ ಅವರು ನಕ್ಕದ್ದೇ ಸರಿಯಾಯಿತು. ಫೆಬ್ರವರಿ ಕೊನೆಗೆ ನಲವತ್ತು ಸೆಂಟು (ನೂರು ಸೆಂಟು ಒಂದು ಇಂಚು) ಬಿತ್ತು. ಅಷ್ಟರಲ್ಲಿ ಹೂ ಸರಿಯಾಗಿ ಬಿರಿಯುವುದಿಲ್ಲ ಅಂತ ತೋಟದವರಿಗೆಲ್ಲ ಗೊತ್ತು. ನನಗೆ ಅದೇ ನೆಪವಾಯಿತು. ಐದನೇ ದಿನ ಅಂಗಡಿಗೆ ಹೋದೆ. ಮರುವರ್ಷ ಮಾರ್ಚ್ ಎರಡನೇ ವಾರ, ಮಧ್ಯಾಹ್ನ ನಾಲ್ಕಕ್ಕೆ ಗುಡುಗಿ ಒಂದು ಇಂಚು ಇಪ್ಪತ್ತು ಸೆಂಟು. ಮಳೆಮಾಪಕ ನೋಡಿ ಬರುವಾಗ ಜೇಬಿನಲ್ಲಿ ಮೂರು ಸಿಗರೇಟು ಉಳಿದಿತ್ತು, ನೆನೆದಿತ್ತು. ಗೊಬ್ಬರದ ಗುಂಡಿಗೆ ಹಾಕಿದೆ.

ಸಿಗರೇಟಿನ ಚಡಪಡಿಕೆ ತಗ್ಗಿಸುವ ನಿಕೋಟಿನ್ ಗಮ್ ಬಗ್ಗೆ ಎರಡು ಮಾತು. ಹಿಂದೊಮ್ಮೆ ಬಬಲ್‌ಗಮ್ ಹಾಗೆ ಜಗಿದು ಬಿಕ್ಕಳಿಕೆ, ಎದೆಯುರಿ ಬಂದು ಬಿಸಾಡಿದ್ದೆ. ಜಗಿಯುವುದಲ್ಲ ಅದು. ನಿಧಾನ ಕಚ್ಚಿ, ಖಾರ ಬಂತು ಅಂದ ಕೂಡಲೇ ಕೆನ್ನೆಗೆ ಒತ್ತಿ ಇಡಬೇಕು, ಖಾರ ಇಳಿದ ಮೇಲೆ ಮತ್ತೆ. ಕಾಫಿ ಕುಡಿದು ಕಾಲು ಗಂಟೆಯೊಳಗೆ ಹಾಕಿದರೆ ದಂಡ, ಬಾಯಲ್ಲಿ ಹುಳಿ ಇದ್ದರೆ ಅದು ಹತ್ತುವುದಿಲ್ಲ. ಕೊಡಗಿನಲ್ಲಿ ಕಾಫಿ ಕುಡಿಯದ ಕಾಲು ಗಂಟೆ ಯಾವುದಿದೆ ಹೇಳಿ! ಎದ್ದ ಅರ್ಧ ಗಂಟೆಯೊಳಗೆ ಹಚ್ಚುವವರಿಗೆ 4 ಎಂಜಿ ಬೇಕಾಗಬಹುದು, ಅದಕ್ಕೆ ಡಾಕ್ಟರ ಚೀಟಿ. ನಾನು 2 ಎಂಜಿಯದ್ದೇ ತಂದೆ, ಹತ್ತರ ಹಾಳೆಗೆ ನೂರು ರೂಪಾಯಿ ಆಸುಪಾಸು, ಏಳು ವಾರಕ್ಕೆ ಮೂರು ಸಾವಿರ ಆಗಿರಬೇಕು.

ಇನ್ನೊಂದು ಯಾರೂ ಹೇಳಿರಲಿಲ್ಲ. ಸಿಗರೇಟಿನ ಹೊಗೆ ಮೈಯಲ್ಲಿ ಕೆಫೀನ್ ಬೇಗ ಕರಗಿಸುತ್ತದಂತೆ. ಬಿಟ್ಟ ಮೇಲೆ ಅದೇ ಲೋಟ ಹೆಚ್ಚು ಹತ್ತುತ್ತದೆ. ನಾಲ್ಕನೇ ದಿನ ಕೈ ನಡುಗಿ, ನಿದ್ದೆ ಬಾರದೆ, ಸಿಗರೇಟು ಬಿಟ್ಟದ್ದಕ್ಕೇ ಹೀಗೆ ಅಂದುಕೊಂಡಿದ್ದೆ. ಪ್ಯಾಕಿನ ಮೇಲೆ ಬರೆದಿರುವ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಫೋನು ಮಾಡಿದೆ, ಕನ್ನಡದಲ್ಲೇ ಮಾತಾಡಿದರು. ದಿನಕ್ಕೆಷ್ಟು ಕಾಫಿ ಅಂದರು. ಏಳು ಅಂದೆ. ಮೂರಕ್ಕೆ ಇಳಿಸಿದ ಮೇಲೆ ನಿದ್ದೆ ಬಂತು.

ಮನೆಯಲ್ಲಿ ಒಂದು ಪ್ರಯೋಗವೂ ನಡೆಯಿತು. ಆರು ಪುಟ್ಟ ಬಾಟಲಿ: ಏಲಕ್ಕಿ, ಮೆಣಸು, ಲವಂಗ, ಕಿತ್ತಳೆ ಸಿಪ್ಪೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ), ಹಸಿ ಪಾರ್ಚ್‌ಮೆಂಟ್. ಭಾನುವಾರ ನಾನು ಕಣ್ಣು ಮುಚ್ಚುವುದು, ಮಗಳು ಹಿಡಿಯುವುದು. ಮೊದಲ ವಾರ ಎರಡೇ ಸಿಕ್ಕಿತು, ಕಾಚಂಪುಳಿ ಮತ್ತು ಲವಂಗ. ಮೂರನೇ ವಾರ ನಾಲ್ಕು. ಪಾರ್ಚ್‌ಮೆಂಟ್ ಸಿಗಲು ಎರಡು ತಿಂಗಳು ಹಿಡಿಯಿತು. ನಡುವೆ ಒಮ್ಮೆ ಅವಳು ಖಾಲಿ ಬಾಟಲಿ ಹಿಡಿದಳು, ನಾನು "ಏಲಕ್ಕಿ" ಅಂದೆ.

ಒಂಬತ್ತನೇ ದಿನ ಹೂ ಬಿರಿಯಿತು. ಬೆಳಿಗ್ಗೆ ಆರೂವರೆಗೆ ಮೇಲಿನ ಬ್ಲಾಕಿಗೆ ಹೋಗಿ ನಿಂತೆ. ಕಾಫಿ ಹೂವಿನ ಮಲ್ಲಿಗೆಯಂಥ ಕಂಪು ಗುಡುಗಿಕೊಂಡು ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಜೇನುಹುಳುಗಳ ಸದ್ದು ಜೋರಿತ್ತು. ಸಾಕಷ್ಟು ಹೊತ್ತಾದ ಮೇಲೆ, ಗಾಳಿ ಕೆಳಗಿನಿಂದ ಮೇಲಕ್ಕೆ ತಿರುಗಿದಾಗ, ತೆಳ್ಳಗೆ, ಸಿಹಿಯಾಗಿ ಒಂದು ಎಳೆ ಬಂದು ಹೋಯಿತು. ಮತ್ತೆ ಬರುತ್ತದಾ ಅಂತ ಅಲ್ಲೇ ಕೂತೆ. ತಿಂಡಿಗೆ ಹತ್ತು ಗಂಟೆ.

ಹತ್ತನೇ ದಿನದ ಸಂಜೆ ಅಂಗಡಿವರೆಗೆ ಹೋಗಿಯೂ ವಾಪಸು ಬರುವಂತೆ ಮಾಡಿದ ಉಪಾಯ ಒಂದಿದೆ. ಅದನ್ನು ಬರೆಯುವುದಿಲ್ಲ, ಬರೆದರೆ ನನಗೇ ಮುಂದೆ ಕೆಲಸ ಮಾಡಲಿಕ್ಕಿಲ್ಲ. ಸಿಕ್ಕಾಗ ಕೇಳಿ.

ಜಾರಿದ್ದೂ ಇದೆ. ಮೇ ತಿಂಗಳು ವಿರಾಜಪೇಟೆಯಲ್ಲಿ ಮದುವೆ, ಎರಡು ಪೆಗ್ ಆದ ಮೇಲೆ ಒಂದು ಸೇದಿದೆ. ಸರಿ, ಎರಡು. ಸೆಪ್ಟೆಂಬರಿನಲ್ಲಿ ಮೈಸೂರಿಗೆ ಹೋಗುವಾಗ ಪಿರಿಯಾಪಟ್ಟಣದ ಹತ್ತಿರ ಬ್ಯಾರನ್‌ಗಳಲ್ಲಿ ಹೊಗೆಸೊಪ್ಪು ಬೇಯುವ ವಾಸನೆ ಬಂತು. ವಾಪಸು ಬಂದ ಮೂಗಿಗೆ ಅದೂ ಚೆನ್ನಾಗಿಯೇ ಸಿಕ್ಕಿತು! ಹುಣಸೂರು ದಾಟುವವರೆಗೆ ಕಾರಿನ ಗಾಜು ಏರಿಸಿಯೇ ಇದ್ದೆ.

ಉಳಿದ ದುಡ್ಡಿನಲ್ಲಿ ಬೀಜದ ತೇವ ಅಳೆಯುವ ಮಾಯಿಶ್ಚರ್ ಮೀಟರ್ ತಂದೆ. ಮಿಕ್ಕದ್ದು ಹೆಂಡತಿ ಹತ್ತಿರ ಇದೆ, ಎಷ್ಟು ಅಂತ ಹೇಳುವುದಿಲ್ಲ. ಆ ಡಿಸೆಂಬರಿನಲ್ಲಿ ರಾತ್ರಿ ಎರಡೂವರೆಗೆ ಎದ್ದು ಟ್ಯಾಂಕಿಗೆ ಬಗ್ಗಿದೆ. ಅಂಚಿನಲ್ಲಿ ಹುಳಿ ಏಳತೊಡಗಿತ್ತು. ಬೆಳಗಾಗಲು ಕಾಯದೆ ನೀರು ಬಿಟ್ಟು ತೊಳೆಸಿದೆ. ಆಳು ಗೊಣಗಿದ: "ಸಾವ್ಕಾರ್ರೇ, ಸಿಗರೇಟು ಇದ್ದಾಗ ನೀವು ಇಷ್ಟು ಕಾಟ ಕೊಡ್ತಿರಲಿಲ್ಲ." ಅದೇ ಬೆಂಗಳೂರಿನವರು ಹದಿನಾಲ್ಕು ಚೀಲ ಎತ್ತಿದರು, ಚೀಲಕ್ಕೆ ಮಾರ್ಕೆಟ್ಟಿಗಿಂತ ಒಂಬೈನೂರು ಮೇಲೆ ಕೊಟ್ಟು.

ಅಂಗಡಿಯವನ ಪುಸ್ತಕದಲ್ಲಿ ನನ್ನ ಹೆಸರಲ್ಲಿ ಇನ್ನೂ 340 ರೂಪಾಯಿ ಬಾಕಿ ಇದೆಯಂತೆ. ಅದು ಮೀಸೆಯವನದ್ದು ಅಂತ ನಾನು ಹೇಳುತ್ತಲೇ ಇದ್ದೇನೆ.