ಹಳೇ ಡೀಸೆಲ್ ಪಿಕಪ್‌ನ ಬ್ರೇಕು, ಸ್ಟೇರಿಂಗು: ನಾನು ನೋಡಿಕೊಳ್ಳುವ ರೀತಿ

ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ಡ್ರೈವರ್‌ಗಳು ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸುತ್ತಾರೆ. ಕೈ ಮುಗಿದು, ಕಾಣಿಕೆ ಹಾಕಿ ಹೊರಡುತ್ತಾರೆ. ನಾನು ಕೈ ಮುಗಿದ ಮೇಲೆ ಇನ್ನೊಂದು ಕೆಲಸ ಮಾಡುತ್ತೇನೆ. ಗಾಡಿಗೆ ಒಂದು ಸುತ್ತು ಬಂದು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿಯುತ್ತೇನೆ. ಮುಟ್ಟುವುದಿಲ್ಲ, ಚರ್ಮ ಕಿತ್ತು ಬಂದೀತು. ನಾಲ್ಕು ಬೆರಳಿನಷ್ಟು ದೂರದಲ್ಲೇ ಗೊತ್ತಾಗುತ್ತದೆ. ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ಕಾಯುವುದು ಸಹಜ. ನೋಡಬೇಕಾದ್ದು ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ. ಒಂದು ಕಡೆ ಮಾತ್ರ ಕೆಂಡದ ಹಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಒಂದು ಕಡೆ ತಣ್ಣಗಿದ್ದರೆ ಆ ಚಕ್ರದಲ್ಲಿ ಬ್ರೇಕೇ ಹಿಡಿಯುತ್ತಿಲ್ಲ, ಅದರ ಭಾರವನ್ನೂ ಉಳಿದ ಮೂರು ಹೊರುತ್ತಿವೆ.

ನನ್ನದು 2008ರ ಡೀಸೆಲ್ ಪಿಕಪ್. ಮುಂದೆ ಡಿಸ್ಕ್, ಹಿಂದೆ ಡ್ರಮ್, ಪವರ್ ಸ್ಟೇರಿಂಗ್. ಇಳಿಯುವಾಗ ಬಾಳೆಗೊನೆ, ಶುಂಠಿ, ತರಕಾರಿ. ಹತ್ತುವಾಗ ಹೆಂಚು, ಕೆಲವು ಸಲ ಮೀನು. ಹಳೇ ಗಾಡಿ ಓಡಿಸುವವರು ಇಂಜಿನ್ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಾರೋ ಅದರಲ್ಲಿ ಅರ್ಧವನ್ನಾದರೂ ಬ್ರೇಕಿಗೆ, ಸ್ಟೇರಿಂಗಿಗೆ ಕೊಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಇಂಜಿನ್ ಕೈಕೊಟ್ಟರೆ ರಸ್ತೆ ಬದಿಯಲ್ಲಿ ನಿಲ್ಲಬಹುದು. ಇವೆರಡು ಕೈಕೊಟ್ಟರೆ ನಿಲ್ಲುವುದೇ ಕಷ್ಟ.

ಮೊದಲು ವ್ಯಾಕ್ಯೂಮ್, ಅಂದರೆ ಗಾಳಿ ಎಳೆದು ಖಾಲಿ ಮಾಡಿದ ಜಾಗದ ಎಳೆತದ ವಿಷಯ. ಡೀಸೆಲ್ ಗಾಡಿಯವರು ಇದನ್ನೇ ಮರೆಯುವುದು. ಪೆಟ್ರೋಲ್ ಗಾಡಿಯಲ್ಲಿ ಇಂಜಿನ್ ಗಾಳಿ ಎಳೆಯುವ ಜಾಗದಲ್ಲೇ ವ್ಯಾಕ್ಯೂಮ್ ಸಿಗುತ್ತದೆ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬ್ರೇಕ್ ಬೂಸ್ಟರ್‌ಗೆ ಅದು ಸಾಕು. ಹಳೇ ಡೀಸೆಲ್ ಇಂಜಿನ್‌ನಲ್ಲಿ ಗಾಳಿ ತಡೆಯುವ ಬಾಗಿಲು ಇರುವುದಿಲ್ಲ, ಹಾಗಾಗಿ ಆ ಎಳೆತವೂ ಇಲ್ಲ. ಅದಕ್ಕೇ ಬೇರೆ ವ್ಯಾಕ್ಯೂಮ್ ಪಂಪ್ ಇಟ್ಟಿರುತ್ತಾರೆ. ತುಂಬಾ ಗಾಡಿಗಳಲ್ಲಿ ಇದು ಡೈನಮೋ ಬೆನ್ನಿಗೇ ಅಂಟಿಕೊಂಡಿರುತ್ತದೆ. ಇಂಜಿನ್ ಆಯಿಲ್ ಒಂದು ಸಣ್ಣ ಪೈಪಿನಲ್ಲಿ ಬಂದು ಈ ಪಂಪನ್ನು ನೆನೆಸಿ ವಾಪಸ್ ಹೋಗುತ್ತದೆ. ಅಂದರೆ ಡೈನಮೋ ಬೆಲ್ಟ್ ತುಂಡಾದರೆ ಹೋಗುವುದು ಚಾರ್ಜಿಂಗ್ ಮಾತ್ರ ಅಲ್ಲ, ಬ್ರೇಕಿನ ಬಲವೂ ಹೋಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ಜುಲೈ ಸಂಜೆ. ಮಳೆ, ಮಂಜು, ಹಿಂದೆ ಪೂರ್ತಿ ಲೋಡು. ಒಂದು ತಿರುವಿನಲ್ಲಿ ಕಾಲಿಟ್ಟರೆ ಪೆಡಲ್ ಕಲ್ಲಿನ ಹಾಗೆ. ಎರಡು ಸಲ ಒತ್ತಿದಾಗ ಸ್ವಲ್ಪ ಹಿಡಿಯಿತು, ಮೂರನೇ ಸಲಕ್ಕೆ ಅದೂ ಇಲ್ಲ. ಪುಣ್ಯಕ್ಕೆ ಸೆಕೆಂಡ್ ಗೇರ್‌ನಲ್ಲಿದ್ದೆ. ಎರಡೂ ಕಾಲಲ್ಲಿ ಪೆಡಲ್ ತುಳಿದು, ಹ್ಯಾಂಡ್ ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆದು, ಗುಡ್ಡದ ಕಡೆ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಿದೆ. ಬಾನೆಟ್ ಎತ್ತಿ ನೋಡಿದರೆ ಪಂಪಿನಿಂದ ಬೂಸ್ಟರ್‌ಗೆ ಹೋಗುವ ರಬ್ಬರ್ ಪೈಪ್ ಕ್ಲಿಪ್ ಹತ್ತಿರ ಸೀಳಿತ್ತು. ಆ ಜಾಗದಲ್ಲಿ ಆಯಿಲ್ ಒಸರುವುದನ್ನು ಎರಡು ತಿಂಗಳಿಂದ ನೋಡುತ್ತಿದ್ದೆ. ಬಟ್ಟೆಯಲ್ಲಿ ಒರೆಸಿ ಸುಮ್ನೆ ಇದ್ದುಬಿಟ್ಟಿದ್ದೆ. ಆಯಿಲ್ ಕುಡಿದು ರಬ್ಬರ್ ಮೆತ್ತಗಾಗಿ, ಉಬ್ಬಿ, ಬಿರಿದಿತ್ತು. ತಪ್ಪು ಪೂರ್ತಿ ನನ್ನದೇ.

ಆಮೇಲಿಂದ ದಿನಾ ಬೆಳಿಗ್ಗೆ ಈ ಪರೀಕ್ಷೆ ತಪ್ಪಿಸುವುದಿಲ್ಲ. ಇಂಜಿನ್ ಆಫ್ ಇರುವಾಗಲೇ ಪೆಡಲ್ ನಾಲ್ಕೈದು ಸಲ ಒತ್ತಿ. ಒತ್ತುತ್ತಾ ಹೋದ ಹಾಗೆ ಗಟ್ಟಿಯಾಗಬೇಕು. ಈಗ ಕಾಲು ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿದರೆ ಪಂಪು, ಪೈಪು, ಬೂಸ್ಟರ್ ಮೂರೂ ಕೆಲಸ ಮಾಡುತ್ತಿವೆ. ಇಳಿಯದಿದ್ದರೆ ಆ ದಿನ ಲೋಡ್ ಹತ್ತಿಸಬೇಡಿ. ಪೈಪ್ ಹಾಕಿಸುವಾಗ ವ್ಯಾಕ್ಯೂಮ್‌ಗೇ ಅಂತ ಬರುವ ದಪ್ಪ ಗೋಡೆಯ ಪೈಪನ್ನೇ ಕೇಳಿ. ಸಾದಾ ನೀರಿನ ಪೈಪ್ ಎಳೆತಕ್ಕೆ ಒಳಗೊಳಗೇ ಚಪ್ಪಟೆ ಆಗುತ್ತದೆ. ಆ ಪೈಪಿನಲ್ಲಿ ಗಾಳಿಯನ್ನು ಒಂದೇ ಕಡೆ ಬಿಡುವ ಒಂದು ವಾಲ್ವ್ ಇರುತ್ತದೆ. ಅದನ್ನು ಉಲ್ಟಾ ಹಾಕಿದರೂ ಇದೇ ಗತಿ.

ಪೆಡಲ್ ಕಲ್ಲಾದರೆ ವ್ಯಾಕ್ಯೂಮ್. ಸ್ಪಂಜಿನ ಹಾಗೆ ಮೆತ್ತಗಿದ್ದರೆ ಬ್ರೇಕ್ ಆಯಿಲ್ ಲೈನಿನಲ್ಲಿ ಗಾಳಿ ಸೇರಿದೆ. ಮೊದಲ ಸಲ ಕೆಳಗೆ ಹೋಗಿ, ಎರಡನೇ ಸಲ ಮೇಲೆ ಸಿಕ್ಕಿದರೆ ಹಿಂದಿನ ಡ್ರಮ್‌ಗೆ ಒಳಗಿನಿಂದ ಒತ್ತುವ ಶೂ ಸವೆದು ಗ್ಯಾಪ್ ಜಾಸ್ತಿ ಆಗಿರಬಹುದು. ಒತ್ತಿ ಹಿಡಿದಾಗ ನಿಧಾನಕ್ಕೆ ಜಾರುತ್ತಾ ತಳ ಮುಟ್ಟಿದರೆ ಎಲ್ಲೋ ಲೀಕ್ ಇದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಕಪ್ ಹೋಗಿದೆ. ಈ ಕೊನೆಯದಕ್ಕೆ ಹೊರಗಡೆ ಒಂದು ಹನಿಯೂ ಕಾಣಿಸುವುದಿಲ್ಲ. ಅದಕ್ಕೇ ಜನ ಮೋಸ ಹೋಗುತ್ತಾರೆ.

ಹಿಂದಿನ ಡ್ರಮ್ ಬಿಚ್ಚುವುದನ್ನು ನಾನು ವರ್ಷಕ್ಕೆ ಎರಡು ಸಲ ಮಾಡುತ್ತೇನೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಘಾಟಿಯ ಕೆಸರು ನೀರು ಒಳಗೆ ಹೋಗಿ ಕುಳಿತಿರುತ್ತದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಜಾಕಿ ನಂಬಿ ಕೆಳಗೆ ಹೋಗಬೇಡಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ. ಹ್ಯಾಂಡ್ ಬ್ರೇಕ್ ಬಿಟ್ಟಿರಬೇಕು, ಇಲ್ಲದಿದ್ದರೆ ಡ್ರಮ್ ಬರುವುದೇ ಇಲ್ಲ. ಆದರೂ ಅಂಟಿಕೊಂಡಿದ್ದರೆ ಸುತ್ತಿಗೆಯಲ್ಲಿ ಅಂಚಿಗೆ ಬಡಿಯಬೇಡಿ, ಚಕ್ಕೆ ಏಳುತ್ತದೆ. ಹೆಚ್ಚಿನ ಡ್ರಮ್‌ನಲ್ಲಿ ಮರೆ (ಥ್ರೆಡ್) ಇರುವ ಎರಡು ತೂತು ಇರುತ್ತವೆ. ಅದಕ್ಕೆ ಸರಿಹೋಗುವ ಎರಡು ಬೋಲ್ಟ್ ಹಾಕಿ, ಇದಕ್ಕೆ ಅರ್ಧ ಸುತ್ತು ಅದಕ್ಕೆ ಅರ್ಧ ಸುತ್ತು ತಿರುಗಿಸುತ್ತಾ ಬಂದರೆ ತಾನಾಗಿ ಹೊರಗೆ ತಳ್ಳಿಕೊಂಡು ಬರುತ್ತದೆ.

ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿ ಪೈಪ್ ಕೂಡ ಹಿಡಿಯಬೇಡಿ. ಶೂ ಮೇಲಿನ ಉಜ್ಜುವ ಪಟ್ಟಿ, ಅಂದರೆ ಹಳೇ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಈಗ ಸಮಾಧಾನವಾಗಿ ಕೂತು ನೋಡಿ. ಶೂಗಳನ್ನು ಹೊರಕ್ಕೆ ತಳ್ಳುವ ವೀಲ್ ಸಿಲಿಂಡರ್‌ನ ಎರಡೂ ತುದಿಯಲ್ಲಿ ರಬ್ಬರ್ ಟೋಪಿ ಇದೆಯಲ್ವಾ, ಅದರ ಅಂಚನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ. ಒಳಗೆ ಒಣಗಿದ್ದರೆ ಒಳ್ಳೆಯದು. ಹನಿ ಹನಿ ಬಂದರೆ ಸಿಲಿಂಡರ್ ಬದಲಾಯಿಸುವ ಕಾಲ. ಕೆಲವು ಸಲ ಒಳಗೆಲ್ಲ ಎಣ್ಣೆ ಆಗಿರುತ್ತದೆ, ಆದರೆ ಸಿಲಿಂಡರ್ ಚೆನ್ನಾಗಿಯೇ ಇರುತ್ತದೆ. ಆಗ ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕಿ ಮೂಸಿ ನೋಡಿ. ದಪ್ಪಗೆ, ಎಳೆ ಎಳೆಯಾಗಿ, ಗಂಧಕದ ಕೆಟ್ಟ ವಾಸನೆ ಬಂದರೆ ಅದು ಹಿಂದಿನ ಆಕ್ಸಲ್‌ನ ಗೇರ್ ಆಯಿಲ್, ಹಬ್‌ನ ಆಯಿಲ್ ಸೀಲ್ ಹೋಗಿದೆ. ತೆಳ್ಳಗಿದ್ದು, ನೀರು ಹಾಕಿದರೆ ತೊಳೆದು ಹೋದರೆ ಅದು ಬ್ರೇಕ್ ಆಯಿಲ್. ಇದು ಗೊತ್ತಿಲ್ಲದೆ ಸೀಲ್ ಹೋದ ಗಾಡಿಗೆ ಸಿಲಿಂಡರ್ ಹಾಕಿಸಿಕೊಂಡು ದುಡ್ಡು ಕಳೆದುಕೊಂಡವರನ್ನು ನೋಡಿದ್ದೇನೆ.

ಎಣ್ಣೆ ಕುಡಿದ ಲೈನರನ್ನು ಪೆಟ್ರೋಲ್‌ನಲ್ಲಿ ತೊಳೆದು, ಬೆಂಕಿ ತೋರಿಸಿ ಮತ್ತೆ ಹಾಕುವ ರೂಢಿ ಇದೆ. ದಯವಿಟ್ಟು ಬೇಡ. ಮೇಲೆ ಒಣಗಿದ ಹಾಗೆ ಕಂಡರೂ ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ರಿವೆಟ್ ಹೊಡೆದ ಲೈನರ್ ಆದರೆ ರಿವೆಟ್ ತಲೆ ಮುಟ್ಟಲು ಇನ್ನೂ ಒಂದು ಮಿಲಿಮೀಟರ್ ಇರುವಾಗಲೇ ಬದಲಾಯಿಸಿ. ಶೂ ಯಾವಾಗಲೂ ಎರಡೂ ಕಡೆ ಒಟ್ಟಿಗೆ. ಜೋಡಿಸಿದ ಮೇಲೆ ಶೂ ಗ್ಯಾಪ್ ಸರಿಮಾಡುವ ಅಡ್ಜಸ್ಟರ್ ಹಲ್ಲನ್ನು ಚಕ್ರ ಬಿಗಿಯಾಗುವ ತನಕ ತಿರುಗಿಸಿ, ಆಮೇಲೆ ಸರಸರ ಅಂತ ಸಣ್ಣ ಸದ್ದು ಮಾತ್ರ ಉಳಿಯುವಷ್ಟು ವಾಪಸ್ ಬಿಡಿ. ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿ ಮಾಡುವುದು ಇದಾದ ಮೇಲೆ, ಮೊದಲಲ್ಲ.

ಮುಂದಿನ ಡಿಸ್ಕ್ ಸುಲಭ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತುಂಬಾ ಸವೆದಿದ್ದರೆ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಜಾರುವ ಪಿನ್ ಜಾಮ್ ಆಗಿದೆ. ತೆಗೆದು ತುಕ್ಕು ಒರೆಸಿ, ಅದಕ್ಕೇ ಬರುವ ಬಿಸಿ ತಡೆಯುವ ಗ್ರೀಸ್ ಹಾಕಿ. ಚಾಸಿಗೆ ಹೊಡೆಯುವ ಗ್ರೀಸ್ ಇಲ್ಲಿ ಕರಗಿ ಹರಿಯುತ್ತದೆ, ರಬ್ಬರ್ ಉಬ್ಬಿಸುತ್ತದೆ.

ಲೋಡ್ ಗಾಡಿಯವರಿಗೆ ಒಂದು ಮಾತು. ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಹೋಗುವ ಒಂದು ಸಣ್ಣ ರಾಡು ಅಥವಾ ಸ್ಪ್ರಿಂಗ್ ಕಂಡರೆ ಅದನ್ನು ಬಿಚ್ಚಬೇಡಿ, ತಂತಿಯಲ್ಲಿ ಕಟ್ಟಬೇಡಿ. ಲೋಡ್ ಎಷ್ಟಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ತೀರ್ಮಾನಿಸುವ ವಾಲ್ವ್ ಅದು. ಗಾಡಿ ತಗ್ಗಿದಷ್ಟೂ ಹಿಂದೆ ಜಾಸ್ತಿ ಬ್ರೇಕ್ ಕೊಡುತ್ತದೆ. ಹೆಚ್ಚು ಹೇರಲು ಅಂತ ಹಿಂದೆ ಇನ್ನೆರಡು ಕಮಾನ್ ಪ್ಲೇಟ್ ಸೇರಿಸುತ್ತೀರಿ. ಗಾಡಿ ತಗ್ಗುವುದೇ ಇಲ್ಲ. ವಾಲ್ವ್‌ಗೆ ಗಾಡಿ ಖಾಲಿ ಇದ್ದ ಹಾಗೆ ಕಾಣುತ್ತದೆ, ಪೂರ್ತಿ ಲೋಡಿನಲ್ಲೂ ಹಿಂದಿನ ಬ್ರೇಕ್ ಕಡಿಮೆ ಸಿಗುತ್ತದೆ. ಪ್ಲೇಟ್ ಸೇರಿಸಿದ್ದರೆ ಈ ವಾಲ್ವನ್ನು ತಿಳಿದವರ ಹತ್ತಿರ ಹೊಸದಾಗಿ ಸೆಟ್ ಮಾಡಿಸಲೇಬೇಕು.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸಿ. ಅದು ಗಾಳಿಯಲ್ಲಿರುವ ನೀರನ್ನು ಎಳೆದುಕೊಳ್ಳುತ್ತದೆ, ನಮ್ಮ ಮಲೆನಾಡಿನ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಡಬ್ಬಿ ಮೇಲೆ ಡಾಟ್ 3 ಅಂತ ದರ್ಜೆ ಬರೆದಿರುವ ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅನ್ನುವುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇದು 230 ಮತ್ತು 155. ಘಾಟಿಯಲ್ಲಿ ಬ್ರೇಕ್ ಕಾದು ಆಯಿಲ್ ಕುದಿದರೆ ಲೈನಿನಲ್ಲಿ ಆವಿ ತುಂಬಿ ಪೆಡಲ್ ತಳ ಸೇರುತ್ತದೆ. ತಣ್ಣಗಾದ ಮೇಲೆ ಎಲ್ಲ ಸರಿಯಾದ ಹಾಗೆ ಕಾಣುತ್ತದೆ, ಅದೇ ಅಪಾಯ. ಇಂಜಿನ್ ಆಯಿಲ್, ಸ್ಟೇರಿಂಗ್ ಆಯಿಲ್ ಒಂದು ಚಮಚವೂ ಬ್ರೇಕ್ ಡಬ್ಬಿಗೆ ಬೀಳಬಾರದು. ಬಿದ್ದರೆ ಲೈನಿನ ರಬ್ಬರ್ ಎಲ್ಲ ಉಬ್ಬಿ ಹಾಳಾಗುತ್ತವೆ.

ಲೈನಿನಲ್ಲಿ ಸೇರಿದ ಗಾಳಿ (ಏರ್) ತೆಗೆಯಲು ನನ್ನ ಜೊತೆ ಕೂರುವುದು ಪಿಯುಸಿ ಓದುವ ಮಗಳು. ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಶುರು. ನಮ್ಮ ಗಾಡಿಗಳಲ್ಲಿ ಅದು ಹಿಂದಿನ ಎಡ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಲೋಡ್ ವಾಲ್ವ್‌ಗೂ ಗಾಳಿ ಹೊರಬಿಡುವ ನಿಪ್ಪಲ್ ಇದ್ದರೆ ಅದರ ಸರದಿ ಎಲ್ಲಿ ಅಂತ ಗಾಡಿಯ ಪುಸ್ತಕದಲ್ಲಿ ನೋಡಿ. ಹಿಂದಿನ ದಿನವೇ ನಿಪ್ಪಲ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರುತ್ತೇನೆ. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು.

"ಒತ್ತು ಪುಟ್ಟಿ."

"ಒತ್ತಿದೆ ಅಪ್ಪಾ, ಹಿಡ್ಕೊಂಡಿದೀನಿ."

ಆಗ ಅರ್ಧ ಸುತ್ತು ಬಿಚ್ಚುವುದು. ಗುಳ್ಳೆ ಬರುತ್ತದೆ. ಮತ್ತೆ ಬಿಗಿ ಮಾಡಿದ ಮೇಲೇ "ಬಿಡು" ಅನ್ನಬೇಕು. ಮುಂಚೆ ಕಾಲು ಎತ್ತಿದರೆ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಮೇಲಿನ ಡಬ್ಬಿ ಯಾವತ್ತೂ ಖಾಲಿ ಆಗಬಾರದು. ಆಯಿಲ್ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಕಿತ್ತು ಬರುತ್ತದೆ.

ಇನ್ನು ಸ್ಟೇರಿಂಗ್. ಇಂಜಿನ್ ಸ್ಟಾರ್ಟ್ ಮಾಡಿ, ಚಕ್ರ ನೇರ ಇಟ್ಟು, ಸ್ಟೇರಿಂಗನ್ನು ಎರಡು ಬೆರಳಲ್ಲಿ ಎಡಕ್ಕೂ ಬಲಕ್ಕೂ ಆಡಿಸಿ. ಹೊರಗಡೆ ಒಬ್ಬರು ಟೈರ್ ನೋಡುತ್ತಿರಲಿ. ಟೈರ್ ಅಲುಗದೆ ಸ್ಟೇರಿಂಗ್ ಮಾತ್ರ ಆಡುವುದೇ ಪ್ಲೇ. ಎರಡು ಬೆರಳಿನ ಅಗಲಕ್ಕಿಂತ ಜಾಸ್ತಿ ಆದರೆ ನಾನು ಬಿಡುವುದಿಲ್ಲ. ಇಂಜಿನ್ ಆಫ್ ಮಾಡಿ, ಅವರನ್ನು ಸ್ಟೇರಿಂಗ್ ಆಡಿಸಲು ಹೇಳಿ, ನಾನು ಕೆಳಗೆ ಮಲಗಿ ಒಂದೊಂದೇ ಜಾಯಿಂಟ್ ಹಿಡಿದುಕೊಳ್ಳುತ್ತೇನೆ. ಕಣ್ಣಿಗೆ ಕಾಣದ್ದು ಅಂಗೈಗೆ ಟಕ್ ಅಂತ ತಾಗುತ್ತದೆ. ಮುಂದಿನ ಎರಡು ಚಕ್ರ ಜೋಡಿಸುವ ರಾಡಿನ ತುದಿ (ಟೈ ರಾಡ್ ಎಂಡ್), ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡು (ಡ್ರ್ಯಾಗ್ ಲಿಂಕ್), ಕೊನೆಗೆ ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತ ಬೋಲ್ಟುಗಳು. ಆ ಬೋಲ್ಟ್ ಸಡಿಲ ಇರುವುದು ಹಳೇ ಗಾಡಿಯಲ್ಲಿ ಅಪರೂಪ ಅಲ್ಲ.

ಬಾಕ್ಸ್ ಮೇಲೆ ಒಂದು ಅಡ್ಜಸ್ಟ್ ಸ್ಕ್ರೂ ಇರುತ್ತದೆ. ಪ್ಲೇ ಕಂಡ ಕೂಡಲೇ ಅದನ್ನು ಬಿಗಿ ಮಾಡುವವರು ಜಾಸ್ತಿ. ಸವೆದಿರುವುದು ಜಾಯಿಂಟ್ ಆದರೆ ಅದು ಸವೆದೇ ಉಳಿಯುತ್ತದೆ, ಬಾಕ್ಸ್ ಮಾತ್ರ ಬಿಗಿಯಾಗಿ ತಿರುವಿನ ನಂತರ ಸ್ಟೇರಿಂಗ್ ನೇರಕ್ಕೆ ವಾಪಸ್ ಬರುವುದಿಲ್ಲ.

ಚಕ್ರವನ್ನು ಜಾಕಿಯಲ್ಲಿ ಎತ್ತಿ ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಡಿದರೆ ಯಾರಾದರೂ ಬ್ರೇಕ್ ಒತ್ತಲಿ. ಆಟ ನಿಂತರೆ ವೀಲ್ ಬೇರಿಂಗ್. ನಿಲ್ಲದಿದ್ದರೆ ಚಕ್ರ ಎಡಬಲಕ್ಕೆ ತಿರುಗುವ ಕೀಲು, ಅಂದರೆ ಕಿಂಗ್ ಪಿನ್ ಅಥವಾ ಬಾಲ್ ಜಾಯಿಂಟ್, ನಿಮ್ಮ ಗಾಡಿಯಲ್ಲಿ ಯಾವುದಿದೆಯೋ ಅದು. ಎಡ ಬಲ ಹಿಡಿದಾಗ ಮಾತ್ರ ಆಡಿದರೆ ಟೈ ರಾಡ್ ಎಂಡ್. ಟೈ ರಾಡ್ ಎಂಡ್ ಬದಲಾಯಿಸುವಾಗ ಹಳೆಯದು ಎಷ್ಟು ಸುತ್ತಿಗೆ ಬಿಚ್ಚಿ ಬಂತು ಅಂತ ಎಣಿಸಿಕೊಂಡು ಹೊಸದನ್ನು ಅಷ್ಟೇ ಸುತ್ತು ಹಾಕಿ. ನಟ್‌ಗೆ ಹಾಕುವ ಸ್ಪ್ಲಿಟ್ ಪಿನ್ ಹೊಸದೇ ಇರಲಿ. ಹಳೇ ಪಿನ್ ನೆಟ್ಟಗೆ ಮಾಡಿ ಹಾಕುವುದು, ತಂತಿ ಕಟ್ಟುವುದು ಯಾವತ್ತೂ ಬೇಡ. ಆಮೇಲೆ ಅಲೈನ್‌ಮೆಂಟ್ ಮಾಡಿಸಿ. ಗ್ರೀಸ್ ನಿಪ್ಪಲ್ ಇರುವ ಕಡೆಯೆಲ್ಲ ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಇಣುಕುವ ತನಕ ಗನ್ ಒತ್ತಿ. ಕಿಂಗ್ ಪಿನ್‌ಗೆ ಚಕ್ರ ಎತ್ತಿಯೇ ಗ್ರೀಸ್ ಹೊಡೆಯಬೇಕು, ಭಾರ ಇದ್ದಾಗ ಕೆಳಗಿನ ಬೇರಿಂಗ್ ಒಳಕ್ಕೆ ಅದು ಹೋಗುವುದಿಲ್ಲ.

ಪವರ್ ಸ್ಟೇರಿಂಗ್ ಇದ್ದವರು ಇದರ ಜೊತೆಗೆ ಆಯಿಲ್ ಮಟ್ಟ, ಬೆಲ್ಟ್ ನೋಡಿಕೊಳ್ಳಿ. ಪೂರ್ತಿ ತಿರುಗಿಸಿ ಅಲ್ಲೇ ಒತ್ತಿ ಹಿಡಿಯಬೇಡಿ, ಪಂಪ್ ನರಳುತ್ತದೆ. ಘಾಟಿ ಇಳಿಯುವಾಗ ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಇಂಜಿನ್ ಆಫ್ ಮಾಡಿದರೆ ವ್ಯಾಕ್ಯೂಮೂ ಇಲ್ಲ, ಸ್ಟೇರಿಂಗ್ ಬಲವೂ ಇಲ್ಲ, ಇಂಜಿನ್ ಹಿಡಿತವೂ ಇಲ್ಲ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಹಾಕಿ. ಬ್ರೇಕನ್ನು ಒಂದೇ ಸಮನೆ ಒತ್ತಿಕೊಂಡು ಇಳಿಯಬೇಡಿ. ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟು ತಣಿಯಲು ಬಿಡಿ.

ಸರಕು ಗಾಡಿ 8 ವರ್ಷ ದಾಟಿದರೆ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಬೇಕು. ನಾನು ಎಫ್‌ಸಿ ದಿನಕ್ಕೆ ಅಂತ ಬ್ರೇಕ್ ಕೆಲಸ ಕಾಯಿಸಿಟ್ಟುಕೊಳ್ಳುವುದಿಲ್ಲ.

ಕೆಲಸ ಮುಗಿದ ದಿನ ಗಾಡಿಯನ್ನು ನೇರ ರಸ್ತೆಗೆ ತರಬೇಡಿ. ಪೆಡಲ್ ಗಟ್ಟಿಯಾಗುವ ತನಕ ನಿಂತಲ್ಲೇ ಒತ್ತಿ. ಖಾಲಿ ಮೈದಾನದಲ್ಲಿ ನಡೆಯುವ ವೇಗದಲ್ಲಿ ಓಡಿಸಿ ನಿಲ್ಲಿಸಿ, ಆಮೇಲೆ 20, ಆಮೇಲೆ 40ರಲ್ಲಿ. ಯಾವ ಕಡೆಗಾದರೂ ಎಳೆಯುತ್ತದೆಯಾ ನೋಡಿ. ರಾತ್ರಿ ನಾಲ್ಕೂ ಚಕ್ರದ ಕೆಳಗೆ ಹಳೇ ಪೇಪರ್ ಹಾಸಿಡಿ. ಬೆಳಿಗ್ಗೆ ಪೇಪರ್ ಒಣಗಿದ್ದರೆ ಚಕ್ರದ ನಟ್ ಇನ್ನೊಮ್ಮೆ ಬಿಗಿ ನೋಡಿ ಲೋಡಿಗೆ ಹೋಗಬಹುದು.